ಹಳೇ ಮೇಣ, ಹೊಸ ಚಪ್ಪಲಿ

“ಮೊದಲ ಹಳೇ ವ್ಯಾಕ್ಸ್ ತೆಗೀಬೇಕ್ರಿ. ಅದನ್ನ ಹಂಗ ಬಿಟ್ಟು ಮುಂದಿನ ಕೆಲಸ ಮಾಡಾಕ ಬರಂಗಿಲ್ಲ” ಎಂದು ಹಾವೇರಿಯ ಕಿವಿ ಡಾಕ್ಟರು ತಮ್ಮ ಪುಟ್ಟ ದೀಪವನ್ನು ನನ್ನ ಬಲಗಿವಿಯಿಂದ ಹೊರತೆಗೆಯುತ್ತ ಹೇಳಿದರು. ನನಗೆ ನಗು ಬಂದುಬಿಟ್ಟಿತು. ಎಪ್ಪತ್ತರ ಹತ್ತಿರ ಬಂದ ಹೆಂಗಸು ಕಿವಿ ತೋರಿಸಲು ಬಂದು ಕಾರಣವಿಲ್ಲದೆ ನಕ್ಕರೆ ಡಾಕ್ಟರಾದರೂ ಏನು ಮಾಡಬೇಕು? ಅವರು ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ನೋಡತೊಡಗಿದರು.

ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ, ಮೂವತ್ತೈದು ವರ್ಷಗಳ ಹಿಂದೆ ರಾಣೆಬೆನ್ನೂರಿನಲ್ಲಿ ಒಬ್ಬರು ನನಗೆ ಹೇಳಿದ್ದರು. ಆಗ ಮಾತು ಬಂದದ್ದು ಕಿವಿಯ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಕಾರಿಗೆ ಹಚ್ಚುವುದನ್ನು ಮೇಣ ಎನ್ನುತ್ತೇವೆ, ಕಿವಿಯದನ್ನು ಗುಗ್ಗೆ ಎನ್ನುತ್ತೇವೆ. ನಿವೃತ್ತ ಕನ್ನಡ ಶಿಕ್ಷಕಿಯ ಕಿವಿಯಲ್ಲಿ ಗುಗ್ಗೆ ಇದೆ ಎನ್ನಲು ಡಾಕ್ಟರಿಗೆ ಸಂಕೋಚವಾಗಿ ಅದನ್ನು ವ್ಯಾಕ್ಸ್ ಮಾಡಿದ್ದರು. ಹಾಗೆ ಮಾಡಿ ಅವರು ನನ್ನನ್ನು ಸೀದಾ ಕಾರು ಹೊಳೆಸುವ ರಾಜೇಸಾಬನ ಶೆಡ್ಡಿಗೆ ಕಳಿಸಿದರು.

ಕಿವಿಗೆ ಎಣ್ಣೆಯಂಥ ಔಷಧ ಬಿಟ್ಟು, ತಲೆ ಓರೆ ಮಾಡಿಕೊಂಡು ಹೊರಗಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂಡಲು ಹೇಳಿದರು. ಗುಗ್ಗೆ ನೆನೆದ ಮೇಲೆ ತೆಗೆಯುವುದು, ಆಮೇಲೆ ಕಿವಿಯ ಪರೀಕ್ಷೆ. ಬಾಗಿಲ ಹೊರಗೆ ಚಪ್ಪಲಿಗಳ ಸಾಲು ಇತ್ತು. ಓರೆಯಾದ ತಲೆಗೆ ಅಷ್ಟೇ ಕಾಣಿಸುತ್ತಿತ್ತು. ಕಿವಿಯೊಳಗೆ ಔಷಧ ಗುಳುಗುಳು ಎನ್ನುತ್ತಿತ್ತು. ಓದುಗ ಮಹಾಶಯರೇ, ನನ್ನ ಜೊತೆ ಆ ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂಡಿ. ಬೇಕಿದ್ದರೆ ನೀವು ತಲೆ ನೆಟ್ಟಗೆ ಇಟ್ಟುಕೊಳ್ಳಬಹುದು.

ಮೊದಲು ನನ್ನ ತಪ್ಪೊಪ್ಪಿಗೆ. ಎರಡು ವರ್ಷಗಳಿಂದ ನನಗೆ ಸರಿಯಾಗಿ ಕೇಳಿಸುತ್ತಿಲ್ಲ. ಇದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಜನರ ಉಚ್ಚಾರ ಕೆಟ್ಟುಹೋಗಿದೆ, ಟಿವಿಯಲ್ಲಿ ವಾರ್ತೆ ಓದುವವರು ಅರ್ಧ ಅಕ್ಷರ ನುಂಗುತ್ತಾರೆ ಎಂದು ವಾದಿಸುತ್ತಿದ್ದೆ. ಕೇಳಿಸದ ಮಾತಿಗೆ “ಹೂಂ” ಎನ್ನುವುದು, ಹೂಂ ಸಾಲದಿದ್ದರೆ “ಬಾಳ ಚಲೋ ಆತು” ಎನ್ನುವುದು ನನ್ನ ರೂಢಿಯಾಗಿತ್ತು. ಹಿಂದಿನ ದಿನ ಪಕ್ಕದ ಮನೆಯಾಕೆ ಕರ್ಜಗಿಯಲ್ಲಿರುವ ತನ್ನ ತಂಗಿಯ ಮನೆ ಕಳವಾದ ಸುದ್ದಿ ಹೇಳಿದಾಗ ನಾನು ಮುಖ ಅರಳಿಸಿ “ಬಾಳ ಚಲೋ ಆತು ಬಿಡ್ರಿ” ಎಂದೆನಂತೆ. ನಮ್ಮ ಮನೆಯವರು ನನ್ನನ್ನು ಇಲ್ಲಿಗೆ ಕರೆತಂದದ್ದು ಅದರ ಮರುದಿನವೇ.

ಕರೆತಂದರೂ ನಾನು ಸೋಲುವ ಯೋಚನೆಯಲ್ಲಿ ಇರಲಿಲ್ಲ. ಪರೀಕ್ಷೆಯ ಕೋಣೆಗೆ ಗಾಜಿನ ಕಿಟಕಿ ಇದ್ದದ್ದನ್ನು ಬರುವಾಗಲೇ ನೋಡಿಟ್ಟುಕೊಂಡಿದ್ದೆ. ಆಚೆ ಕುಳಿತು ಸದ್ದು ಕಳಿಸುವವರ ಕೈ ಅದರಲ್ಲಿ ಕಾಣಿಸುತ್ತದೆ. ಅವರು ಗುಂಡಿ ಒತ್ತಿದಾಗ, ಸದ್ದು ಕೇಳಿಸಿತೆಂದು ನಾನೂ ನನ್ನ ಗುಂಡಿ ಒತ್ತಿದರಾಯಿತು. ಪರೀಕ್ಷೆಯ ಕೋಣೆಗಳಲ್ಲಿ ನಕಲು ಹಿಡಿಯುತ್ತ ಮೂವತ್ತು ವರ್ಷ ಕಳೆದವಳಿಗೆ ನಕಲು ಮಾಡುವ ದಾರಿಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಾರಿನ ವಿಷಯ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಣೆಬೆನ್ನೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆಯವರು ದನದ ಡಾಕ್ಟರು, ಬ್ಯಾಡಗಿಯಲ್ಲಿ ನೌಕರಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಅವರು ಅಲ್ಲಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿಂದ ಹಳೆಯ ಅಂಬಾಸಡರ್ ಕಾರೊಂದನ್ನು ಕೊಂಡು ತಂದರು. ಅದರ ಬಣ್ಣ ವಿಚಿತ್ರವಾಗಿತ್ತು. ಬಿಳಿಯಲ್ಲ, ಕೆನೆಯಲ್ಲ, ಬೆಲ್ಲ ಹಾಕಿದ ಹಾಲಿಗೆ ಚೂರು ಕುಂಕುಮ ಬಿದ್ದಂತೆ ಇತ್ತು. ಅದೇ ಅದರ ಬಣ್ಣವೆಂದು ನಾವು ತಿಳಿದೆವು. ನೋಡಿದವರಿಗೆಲ್ಲ ನಾನು “ಇಂಥಾ ಬಣ್ಣ ಈಗ ಸಿಗೂದಿಲ್ಲ” ಎಂದು ಹೇಳುತ್ತಿದ್ದೆ. ಅದು ಹಿಂದೆಯೂ ಎಲ್ಲಿಯೂ ಸಿಗುತ್ತಿರಲಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಮಾರಿದ ವ್ಯಾಪಾರಿ ಆ ಕಾರನ್ನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದರು. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಪಾಲಿಶ್ ಹಚ್ಚುತ್ತಿದ್ದೆ ಎಂದು ಹೇಳಿ, ಬಳಸಿ ಉಳಿದ ಒಂದು ಡಬ್ಬಿಯನ್ನೂ ಕೊಟ್ಟಿದ್ದರು. ಈ ಪಾಲಿಶ್ ಎಂಬ ಶಬ್ದವೇ ಎಲ್ಲ ಅನರ್ಥಕ್ಕೆ ಕಾರಣ. ನಮ್ಮ ಕಡೆ ಬೂಟಿಗೆ ಹಚ್ಚುವುದೂ ಪಾಲಿಶ್, ಕಪಾಟಿಗೆ ಬಳಿಯುವುದೂ ಪಾಲಿಶ್, ನೆಲದ ಫರಸಿ ತಿಕ್ಕುವುದೂ ಪಾಲಿಶ್. ಹಚ್ಚಿ ಬಿಡುವುದು ಒಂದು, ತಿಕ್ಕಿ ತೆಗೆಯುವುದು ಇನ್ನೊಂದು ಎಂಬ ಭೇದವನ್ನು ಆ ಶಬ್ದ ಎಂದೋ ಮರೆತಿತ್ತು. ಸಮಾನಾರ್ಥಕ ಪದಗಳಲ್ಲಿನ ಸೂಕ್ಷ್ಮ ವ್ಯತ್ಯಾಸ ಎಂದು ತಾಸುಗಟ್ಟಲೆ ಪಾಠ ಮಾಡುತ್ತಿದ್ದ ನಾನೂ ಮರೆತಿದ್ದೆ. ಡಬ್ಬಿಯಲ್ಲಿ ಇದ್ದದ್ದು ಶುದ್ಧ ಮೇಣ.

ಆ ವರ್ಷ ಮಹಾನವಮಿಯ ಖಂಡೇ ಪೂಜೆಗೆ ಕಾರು ಹೊಳೆಯಬೇಕೆಂದು ನಾನೇ ಸೆರಗು ಕಟ್ಟಿ ನಿಂತೆ. ವ್ಯಾಪಾರಿ ಕೊಟ್ಟ ಡಬ್ಬಿಯದನ್ನು ಹಚ್ಚಿದೆ. ಹೊಳಪು ಸಾಲದೆನಿಸಿ, ಅಂಗಡಿಯಿಂದ ಬಣ್ಣ ತಿಕ್ಕುವ ಪಾಲಿಶ್ ಕೂಡ ತಂದು ಅದರ ಮೇಲೆಯೇ ಉಜ್ಜಿದೆ. ಪೂಜೆಯ ದಿನ ಕಾರು ಮಿಂಚಿತು. ಕಾಯಿ ಒಡೆದ ನಮ್ಮ ಮನೆಯವರು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿದರು. ಎಂಟು ದಿನ ಕಳೆಯುವುದರೊಳಗೆ ಅದರ ಮೈಮೇಲೆಲ್ಲ ಮೋಡ ಕವಿಯಿತು. ಒಂದು ಕಡೆ ಬೆಳ್ಳಗೆ, ಒಂದು ಕಡೆ ಕಂದು, ನಡುವೆ ನನ್ನ ಕೈ ತಿರುಗಿದ ಗುರುತುಗಳು. ತಿಕ್ಕಿದಷ್ಟೂ ಮೋಡ ಜಾಗ ಬದಲಿಸಿತೇ ಹೊರತು ಹೋಗಲಿಲ್ಲ.

“ಎಮ್ಮಿಗೆ ಹಿಂಗ ಆಗಿದ್ರ ನಾ ಔಷಧ ಕೊಡ್ತಿದ್ದೆ” ಎಂದರು ನಮ್ಮ ಮನೆಯವರು.

ಹೀಗೆ ಆರು ತಿಂಗಳು ಮೋಡದ ಕಾರಿನಲ್ಲೇ ತಿರುಗಾಡಿ, ಬೇಸಿಗೆ ರಜೆ ಶುರುವಾದ ಮೇಲೆ ನಾವು ಹಲಗೇರಿ ರಸ್ತೆಯಲ್ಲಿದ್ದ ರಾಜೇಸಾಬನ ಶೆಡ್ಡಿಗೆ ಹೋದೆವು. ಐವತ್ತರ ಆಸುಪಾಸಿನ ಮನುಷ್ಯ, ಎತ್ತರದ ಆಳು, ಮೊಣಕೈವರೆಗೆ ಸೀಮೆಎಣ್ಣೆಯ ವಾಸನೆ. ಹುಬ್ಬಳ್ಳಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಕೆಲಸ ಕಲಿತು ಬಂದಿದ್ದ. ಬಣ್ಣ ಹೊಡೆಯುವುದಿಲ್ಲ, ಇಂಜಿನ್ ಮುಟ್ಟುವುದಿಲ್ಲ. ಮಾಸಿದ ಬಣ್ಣವನ್ನು ತಿಕ್ಕಿ ಹೊಳೆಸುವುದೊಂದೇ ಕೆಲಸ. ಅವನ ಶೆಡ್ಡಿಗೆ ಹತ್ತಿಕೊಂಡೇ ತಗಡಿನ ಟ್ರಂಕು ಮಾಡುವವರ ಶೆಡ್ಡು ಇತ್ತು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಬಡಿತವೋ ಬಡಿತ. ಇಪ್ಪತ್ತು ವರ್ಷ ಆ ಬಡಿತದ ಪಕ್ಕದಲ್ಲೇ ರಾಜೇಸಾಬ ಕೆಲಸ ಮಾಡಿದ್ದ.

ನಾನು ಕಾರಿನ ಕತೆಯನ್ನು ಮೊದಲಿನಿಂದ ಕ್ರಮವಾಗಿ ಹೇಳಿದೆ. ಅವನು ನನ್ನ ಕಡೆ ಬೆನ್ನು ಮಾಡಿ ಬಾಗಿಲನ್ನು ಬೆರಳ ಉಗುರಿನಿಂದ ಕೆರೆದು ನೋಡುತ್ತಿದ್ದ. ಹೂಂ ಇಲ್ಲ, ಉಹೂಂ ಇಲ್ಲ. ತರಗತಿಯಲ್ಲಿ ನನಗೆ ಬೆನ್ನು ಮಾಡಿದ ಹುಡುಗಿಯರಿಗೆ ಏನಾಗುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಕೊನೆಗೆ ಅವನು ತಿರುಗಿ, ಬಯಲಲ್ಲಿ ದನ ಕೂಗುವವನ ದನಿಯಲ್ಲಿ, “ಮೊದಲ ಹಳೇ ಮೇಣ ತೆಗೀಬೇಕ್ರಿ ಅಕ್ಕೋರ. ಅದನ್ನ ಬಿಟ್ಟು ಮುಂದಿನ ಕೆಲಸ ಮಾಡಾಕ ಬರಂಗಿಲ್ಲ” ಎಂದ.

“ಇದರ ಮ್ಯಾಲೆ ಮೇಣ ಎಲ್ಲೈತಿ? ಇದು ಪಾಲಿಶ್” ಎಂದೆ ನಾನು.

ಈ ಸಲ ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಒಂದು ತಂಬಿಗೆ ನೀರು ತಂದು ಬಾನೆಟ್ಟಿನ ಮೇಲೆ ಸುರಿದ. ನೀರು ಹನಿಹನಿಯಾಗಿ ಮುತ್ತಿನ ಹಾಗೆ ನಿಂತಿತು. ನಾನು ಹೆಮ್ಮೆಯಿಂದ ನೋಡಿದೆ. ಅವನು ತಲೆಯಾಡಿಸಿದ. “ಹನಿ ನಿಂತೈತಿ ಅಂದ್ರ ಮೇಣ ಐತ್ರಿ. ಬಣ್ಣಕ್ಕ ನಾವಿನ್ನೂ ಭೆಟ್ಟಿನ ಆಗಿಲ್ಲ.” ಬಣ್ಣ ತಿಕ್ಕುವ ಪಾಲಿಶ್ ಬಣ್ಣವನ್ನು ಮುಟ್ಟಬೇಕು, ಮೇಲೆ ಕುಳಿತ ಸತ್ತ ಪದರವನ್ನು ತೆಗೆಯಬೇಕು, ಮೇಣ ಉಳಿದ ಕಡೆ ಅದು ಜಾರಿ ಹೋಗುತ್ತದೆ, ಮೇಣ ಇಲ್ಲದ ಕಡೆ ಕಚ್ಚುತ್ತದೆ, ಅದಕ್ಕೇ ಮೋಡ ಎಂದು ವಿವರಿಸಿದ. ಹೀಗೆ ನನ್ನ ಕೆಲಸದ ಮೌಲ್ಯಮಾಪನ ಎರಡು ನಿಮಿಷದಲ್ಲಿ ಮುಗಿಯಿತು.

ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಅವನು ಬಾನೆಟ್ಟಿನ ಒಂದು ಮೂಲೆಯನ್ನು ಒರೆಸಿದ. ಅರಿವೆ ಕೆಂಪಾಯಿತು. ಮೂಗಿಗೆ ಘಾಟು ಬಂತು. ಮೊದಲು ನಾನು ಸೀನಿದೆ, ಆಮೇಲೆ ನಮ್ಮ ಮನೆಯವರು, ಕೊನೆಗೆ ಪಕ್ಕದ ಶೆಡ್ಡಿನ ಬಡಿತ ನಿಂತು ಅಲ್ಲಿಂದಲೂ ಸೀನು ಕೇಳಿಬಂತು. ಅಮಾವಾಸ್ಯೆ ಅಮಾವಾಸ್ಯೆಗೆ ವ್ಯಾಪಾರಿ ಹಚ್ಚಿದ ಮೇಣದ ಪದರಗಳ ನಡುವೆ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿಯ ಧೂಳು ವರ್ಷಗಟ್ಟಲೆ ಕೂತು ನಮಗಾಗಿ ಕಾದಿತ್ತು. ಒರೆಸಿದ ಮೂಲೆಯಲ್ಲಿ ಹಾಲಿನಂಥ ಬಿಳಿ ಬಣ್ಣ ಇಣುಕಿತು. ಎಲ್ಲಿಯೂ ಸಿಗದ ಆ ಬಣ್ಣ ನಮ್ಮ ಕಣ್ಣೆದುರೇ ರಾಜೇಸಾಬನ ಅರಿವೆಗೆ ಹೋಯಿತು.

“ಬ್ಯಾಡಗಿ ಗಾಡಿ ಅಂತ ಮೂಗೇ ಹೇಳತೈತ್ರಿ” ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. “ರಾಣಿಬೆನ್ನೂರ ಗಾಡಿ ಆದ್ರ ಮೇಣದಾಗ ಹತ್ತಿ ಎಳಿ ಇರತಾವ. ಹಾವೇರಿ ಲಗ್ನದ ಗಾಡಿ ಬಂತಂದ್ರ ಬಾನೆಟ್ಟಿನ ಸಂದ್ಯಾಗ ಏಲಕ್ಕಿ ಹಾರದ ಸಿಪ್ಪಿ ಸಿಗತೈತಿ.” ಊರಿನ ಹೆಸರು ಕೇಳದೆ ಕಾರಿನ ಊರು ಹೇಳುವ ಈ ವಿದ್ಯೆಗೆ ನಾನು ಅಲ್ಲಿಯೇ ಶರಣಾದೆ. ಸಿಟ್ಟು ಅರ್ಧ ಇಳಿಯಿತು.

ಸೀಮೆಎಣ್ಣೆಯ ನಂತರ ಅಂಟುವಾಳದ ಕಾಯಿ ಕುದಿಸಿದ ನೀರಿನಿಂದ ತೊಳೆಯುವುದು, ಆಮೇಲೆ ಬರಿ ನೀರು. ನಾನು ಜಾಣತನ ತೋರಿಸಲು ಈಗ ನೀರು ಹರಡಿದೆ, ಹನಿ ನಿಲ್ಲುತ್ತಿಲ್ಲ, ಮೇಣ ಹೋಯಿತಲ್ಲವೇ ಎಂದು ಕೇಳಿದೆ. ಅಂಟುವಾಳದ ಅಂಶ ಉಳಿದಿದ್ದರೆ ಮೇಣದ ಮೇಲೂ ನೀರು ಹರಡುತ್ತದೆ, ನೀರನ್ನು ಕೊನೆಯವರೆಗೆ ನಂಬಬಾರದು ಎಂದ. ಮತ್ತೆ ಏನನ್ನು ನಂಬಬೇಕು? ಸದ್ದನ್ನು. ಹಸಿ ಅರಿವೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಬಣ್ಣದ ಮೇಲೆ ಎಳೆದರೆ, ಮೇಣ ಇರುವ ಕಡೆ ಸುಮ್ಮನೆ ಜಾರುತ್ತದೆ. ಮೇಣ ಪೂರ್ತಿ ಹೋದ ಕಡೆ ‘ಚುಂಯ್’ ಎನ್ನುತ್ತದೆ. ತೊಳೆದ ಸ್ಟೀಲ್ ತಾಟಿನ ಮೇಲೆ ಬೆರಳು ಎಳೆದಾಗ ಬರುವ ಸದ್ದು. ಅವನ ಉಸ್ತಾದರು ಹೇಳಿದ್ದು ಇಷ್ಟೇ: ಸೀಮೆಎಣ್ಣೆಯಲ್ಲಿ ನೆನೆದ ಕೈಯನ್ನು ನಂಬಬೇಡ, ಕಿವಿ ನಂಬು.

ಅವನು ಬಾನೆಟ್ಟಿನ ಮೇಲೆ ಅರಿವೆ ಎಳೆದ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕೋರ, ಈಗ ಏನರ ಕೇಳಿಸ್ತೇನ್ರಿ?” ಎಂದ. ಮೌಖಿಕ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡೆ. “ಇಲ್ಲ” ಎಂದೆ. ಮತ್ತೆ ಸೀಮೆಎಣ್ಣೆ, ಮತ್ತೆ ಅಂಟುವಾಳ. “ಈಗ?” “ಇಲ್ಲ.” “ಈಗ?” “ಹೂಂ, ಈಗ ಚುಂಯ್ ಅಂತು.” ಅವನ ಮುಖ ಅರಳಿತು.

ಅಷ್ಟರಲ್ಲಿ ಪಕ್ಕದ ಶೆಡ್ಡಿನವರು ಊಟಕ್ಕೆ ಎದ್ದರು. ಬಡಿತ ನಿಂತು ರಸ್ತೆಯೇ ಹಗುರಾಯಿತು. ನಾನು ದನಿ ಇಳಿಸಿದೆ, ನಮ್ಮ ಮನೆಯವರೂ ಇಳಿಸಿದರು. ರಾಜೇಸಾಬ ಮಾತ್ರ ಆ ನಿಶ್ಶಬ್ದದಲ್ಲಿ ಅದೇ ದೊಡ್ಡ ದನಿಯಲ್ಲಿ ಮಾತಾಡುತ್ತಲೇ ಇದ್ದ. ತನ್ನ ದನಿ ಎಷ್ಟು ದೊಡ್ಡದೆಂಬುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ನನಗೆ ಅರ್ಥವಾದದ್ದು ಅವನಿಗೂ ಅರ್ಥವಾಯಿತು.

ನಮ್ಮ ಮನೆಯವರು ಎಲೆ ಅಡಿಕೆ ತರಲು ಹೋದಾಗ ಅವನು ಹತ್ತಿರ ಬಂದು ಹೇಳಿದ. “ದೊಡ್ಡ ಮಾತು ಕೇಳಿಸ್ತಾವ್ರಿ. ಈ ಸಣ್ಣ ಸಪ್ಪಳ ಎರಡು ವರ್ಷ ಆತು, ಕೇಳಂಗಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ. ಕಿವುಡನ ಕಡೆ ಗಾಡಿ ಬಿಡೂದಿಲ್ಲ ಜನ. ನನಗ ಬ್ಯಾರೆ ಕೆಲಸ ಬರಂಗಿಲ್ಲ.” ಆ ಎರಡು ವರ್ಷಗಳಲ್ಲಿ ಅಂದಾಜಿನ ಮೇಲೆ ಮಾಡಿದ ಕೆಲವು ಕಾರುಗಳು ನಮ್ಮದರಂತೆಯೇ ಮೋಡಗಟ್ಟಿ ತಿರುಗಿ ಬಂದಿದ್ದವು. ಕೆಲವು ತಿರುಗಿ ಬರಲಿಲ್ಲ, ಅವುಗಳ ಒಡೆಯರೂ ಬರಲಿಲ್ಲ. ನನಗೆ ಸಂಕಟವಾಯಿತು. ನಾನು ಸುಮ್ಮನೆ ಸಂಕಟಪಡುವ ಜಾತಿಯವಳಲ್ಲ. “ರಜಾ ಐತಿ. ನಾ ಬಂದು ಕೇಳ್ತೇನಿ” ಎಂದುಬಿಟ್ಟೆ.

ಹೀಗೆ ಒಂದು ಬೇಸಿಗೆ ನಾನು ರಾಜೇಸಾಬನ ಕಿವಿಯಾದೆ. ದಿನಾ ಬೆಳಿಗ್ಗೆ ತಾಸೆರಡು ತಾಸು ಅವನ ಶೆಡ್ಡಿನ ಕುರ್ಚಿಯ ಮೇಲೆ ಪುಸ್ತಕ ಹಿಡಿದು ಕೂಡುತ್ತಿದ್ದೆ. ಗಿರಾಕಿಗಳು ಇದ್ದಾಗ ಬಾಯಿ ಬಿಡುವಂತಿರಲಿಲ್ಲ. ಅದಕ್ಕೆ ಸಂಜ್ಞೆಗಳನ್ನು ಮಾಡಿಕೊಂಡಿದ್ದೆವು. ನಾನು ಕನ್ನಡಕ ಸರಿಮಾಡಿಕೊಂಡರೆ ಮೇಣ ಇನ್ನೂ ಇದೆ, ಸೆರಗು ಸರಿಮಾಡಿಕೊಂಡರೆ ಹೋಗಿದೆ. ಅಕ್ಕೋರಿಗೆ ಈ ಶೆಡ್ಡಿನಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ರಾಜೇಸಾಬ, “ನೆರಳು ಚಲೋ ಐತಲ್ರಿ, ಓದತಾರ” ಎನ್ನುತ್ತಿದ್ದ. ಕಾದ ತಗಡಿನ ಕೆಳಗೆ ಮೇ ತಿಂಗಳಲ್ಲಿ ನೆರಳು ಚೆನ್ನಾಗಿದೆ ಎಂಬ ಮಾತನ್ನು ಎಲ್ಲರೂ ನಂಬಿದರು. ನಾಲ್ಕೈದು ಕಾರುಗಳು ನಿರ್ಮಲವಾಗಿ ಹೋದವು. ನನಗೆ ಜಂಬ ಹೆಚ್ಚಾಯಿತು. ಕಿವಿಯೆಂದರೆ ನನ್ನ ಕಿವಿ ಎಂದು ಮನೆಯಲ್ಲಿ ಹೇಳಿಕೊಂಡೆ.

ಆಗ ಹಾವೇರಿಯ ವಕೀಲರು ಬಂದರು. ಅವರ ಕಪ್ಪು ಕಾರು ಹಿಂದಿನ ವರ್ಷ ರಾಜೇಸಾಬನ ಕೈಯಲ್ಲೇ ಮೋಡಗಟ್ಟಿತ್ತು. ಕಪ್ಪಿನ ಮೇಲೆ ಮೋಡ ಇನ್ನೂ ಎದ್ದು ಕಾಣುತ್ತದೆ. ಅವರು ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. “ಈ ಸಲ ನನ್ನ ಕಣ್ಣಮುಂದ ಮಾಡು. ಮತ್ತ ಮ್ವಾಡ ಬಂತಂದ್ರ ಹಾವೇರಿ ಕೋರ್ಟಿನ ಒಂದ ಗಾಡೀನೂ ಇಲ್ಲಿಗೆ ಬರಂಗಿಲ್ಲ, ತಿಳೀತಿಲ್ಲೋ?” ಎಂದರು. ಕೋರ್ಟಿನ ಗಾಡಿಗಳೇ ರಾಜೇಸಾಬನ ಅರ್ಧ ಕೆಲಸ. ಅವನು ನನ್ನ ಕಡೆ ನೋಡಿದ. ನಾನು ಧೈರ್ಯ ತುಂಬುವಂತೆ ಕನ್ನಡಕ ಸರಿಮಾಡಿಕೊಂಡೆ. ಅದರ ಅರ್ಥ ಬೇರೆ ಎಂಬುದು ಆಮೇಲೆ ನೆನಪಾಯಿತು.

ಹಾವೇರಿಯಿಂದ ದೊಡ್ಡ ಮನುಷ್ಯರು ಬರುತ್ತಾರೆಂದು ನಾನು ಆ ದಿನ ಇಸ್ತ್ರಿ ಸೀರೆ ಉಟ್ಟು, ಹೊಸ ರಬ್ಬರ್ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ನೆಲವೆಲ್ಲ ತೊಳೆದ ನೀರಿನಿಂದ ಒದ್ದೆ. ಬಾನೆಟ್ಟು ಆಯಿತು, ಚಾವಣಿ ಆಯಿತು, ಬಲಗಡೆಯ ಎರಡೂ ಬಾಗಿಲು, ಎಡಗಡೆಯ ಮುಂದಿನ ಬಾಗಿಲು ಆದವು. ಪ್ರತಿ ಸಲ ಅವನು ಅರಿವೆ ಎಳೆಯುತ್ತಿದ್ದ, ನಾನು ಕೇಳುತ್ತಿದ್ದೆ, ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಎಡಗಡೆಯ ಹಿಂದಿನ ಬಾಗಿಲಿಗೆ ಬಂದಾಗ ಪಕ್ಕದ ಬಡಿತ ಜೋರಾಯಿತು. ನಾನು ಕುರ್ಚಿಯಿಂದ ಎದ್ದು ಮುಂದೆ ಬಾಗಿದೆ. ಅವನು ಅರಿವೆ ಎಳೆದ. ಚುಂಯ್ ಎಂದಿತು. ನಾನು ಸೆರಗು ಸರಿಮಾಡಿಕೊಂಡೆ.

ಅವನು ಅರಿವೆ ಬಿಟ್ಟು, ಬಾಗಿಲ ಮೇಲಿನ ನೀರನ್ನು ಬರಿ ಅಂಗೈಯಿಂದ ಕೆಳಗೆ ಒರೆಸಿದ. ಒರೆಸುತ್ತಿದ್ದ ಕೈ ನಡುವೆ ನಿಂತಿತು. ಮುಂದಿನ ಬಾಗಿಲಿಗೆ ಹೋಗಿ ಅಲ್ಲಿ ಒಮ್ಮೆ ಕೈ ಎಳೆದ. ತಿರುಗಿ ಬಂದು ಇಲ್ಲಿ ಎಳೆದ. ಮತ್ತೆ ಹೋದ, ಮತ್ತೆ ಬಂದ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಿದ್ದ.

ನನಗೆ ಸಹನೆ ಮೀರಿತು. ವಕೀಲರ ಮುಂದೆಯೇ ಸೆರಗನ್ನು ಎರಡು ಮೂರು ಸಲ ಸರಿಮಾಡಿಕೊಂಡೆ.

“ಇಲ್ರಿ ಅಕ್ಕೋರ” ಎಂದ ರಾಜೇಸಾಬ, ಎಲ್ಲರಿಗೂ ಕೇಳುವಂತೆ. “ಇನ್ನೂ ಐತಿ.”

“ನಾ ನನ್ನ ಕಿವೀಲೆ ಕೇಳೇನಿ. ಚುಂಯ್ ಅಂದೈತಿ” ಎಂದೆ. ಸರಿ ಉತ್ತರ ಹೇಳಿಯೂ ತಪ್ಪು ಎನ್ನಿಸಿಕೊಂಡ ವಿದ್ಯಾರ್ಥಿನಿಯ ಸಿಟ್ಟು ನನ್ನಲ್ಲಿತ್ತು. ಗುಟ್ಟು ಹೊರಬಿತ್ತೆಂಬುದು ಹೇಳಿ ಮುಗಿದ ಮೇಲೆ ತಿಳಿಯಿತು.

ವಕೀಲರು ನನ್ನನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು. ನಿಧಾನವಾಗಿ ನನ್ನ ಕಾಲಿನ ಕಡೆ ಕೈ ತೋರಿಸಿದರು. “ಬಾಯಾರ, ಇನ್ನೊಮ್ಮೆ ಮುಂದ ಬಾಗ್ರಿ.” ನಾನು ಬಾಗಿದೆ. ಒದ್ದೆ ನೆಲದ ಮೇಲೆ ನನ್ನ ಹೊಸ ಚಪ್ಪಲಿ ‘ಚುಂಯ್’ ಎಂದಿತು.

ಆ ಕ್ಷಣದಲ್ಲಿ ನನಗಾದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ. ನನ್ನ ನಾಚಿಕೆ ದೊಡ್ಡದಲ್ಲ. ವಕೀಲರು ಅವನ ಕಡೆ ತಿರುಗಿ, “ಅವರು ಯಾಕ ಕೇಳಬೇಕು? ನಿನಗ ಕಿವಿ ಕೇಳಂಗಿಲ್ಲೇನು?” ಎಂದರು. ಹೂಂ ಎಂದರೆ ಅವನ ಕೆಲಸ ಹೋಗುತ್ತದೆ. ನಾನೇ ಏನಾದರೂ ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ.

ರಾಜೇಸಾಬ ಅರಿವೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡ. “ಇಲ್ರಿ ಸಾಹೇಬ್ರ, ಕೇಳಂಗಿಲ್ಲ. ಹೋದ ವರ್ಷ ನಿಮ್ಮ ಗಾಡಿ ಕೆಟ್ಟಿದ್ದು ಅದಕ್ಕ. ಕೇಳ್ಸಲಿಲ್ಲ ಅಂತ ಹೇಳಾಕ ನಾಚಿಕಿ ಬಂತು, ಸುಮ್ಮ ಹಂಗ ತಿಕ್ಕಿ ಕಳಿಸಿದೆ. ನಂದ ತಪ್ಪು.” ಅವನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. “ಆದ್ರ ಈಗ ಕೈಗೆ ತಿಳೀತ್ರಿ. ಮೇಣ ಹೋದಲ್ಲಿ ಬಣ್ಣ ಬೆರಳ ಹಿಡಕೊಳ್ಳತೈತಿ. ಇಲ್ಲಿ ಬಿಡತೈತಿ. ಇಷ್ಟು ವರ್ಷ ಕೈ ಹೇಳಾಕತ್ತಿತ್ತು, ನಾನ ಕೇಳಿಲ್ಲ. ನಾ ಕೈಲೆ ಹೇಳ್ತೇನಿ, ನೀವ ಅರಿವಿ ಎಳದು ಕಿವೀಲೆ ನೋಡ್ರಿ. ತಪ್ಪಿತಂದ್ರ ಗಾಡಿ ತುಗೊಂಡು ಹೋಗ್ರಿ.”

ಅಡ್ಡಪ್ರಶ್ನೆ ಕೇಳಿ ಕೇಳಿ ರೂಢಿಯಾದ ವಕೀಲರಿಗೆ ಯಾರೋ ತಾನಾಗಿಯೇ ತಪ್ಪು ಒಪ್ಪಿಕೊಂಡರೆ ಮುಂದೇನೆಂದು ತೋಚಲಿಲ್ಲವೋ ಏನೋ. ಆಮೇಲೆ ಎದ್ದು, ಕೋಟು ತೆಗೆದು ನನ್ನ ಕೈಗೆ ಕೊಟ್ಟರು. ಅರಿವೆಯನ್ನು ಬೆರಳಿಗೆ ಸುತ್ತಿಕೊಂಡು ಎಡಗಡೆಯ ಆ ಬಾಗಿಲ ಮೇಲೆ ಎಳೆದರು. ಸದ್ದಿಲ್ಲ. ರಾಜೇಸಾಬ ಮತ್ತೆ ತೊಳೆದ, ಕಣ್ಣು ಮುಚ್ಚಿ ಬೆರಳು ಎಳೆದ, “ಹೋತ್ರಿ” ಎಂದ. ವಕೀಲರು ಎಳೆದರು. ಚುಂಯ್. ಡಿಕ್ಕಿಯ ಮೇಲೆ, “ಈ ಅಂಚಿಗೆ ಒಂದು ಬೆರಳಿನಷ್ಟು ಐತಿ” ಎಂದ. ಅಂಚಿನಲ್ಲಿ ಸದ್ದಿಲ್ಲ, ಉಳಿದಲ್ಲೆಲ್ಲ ಚುಂಯ್. ಹನ್ನೊಂದು ಕಡೆ ಪರೀಕ್ಷೆಯಾಯಿತು. ಒಂದು ಕಡೆಯೂ ಅವನ ಕೈ ತಪ್ಪಲಿಲ್ಲ. ಕೋಟು ಹಿಡಿದು ನಿಂತ ನಾನು ಅಲುಗಾಡಲಿಲ್ಲ. ಅಲುಗಾಡಿದರೆ ಚಪ್ಪಲಿ ಮಾತಾಡುತ್ತಿತ್ತು.

ಆ ಕಪ್ಪು ಕಾರಿಗೆ ಮೋಡ ಬರಲಿಲ್ಲ. ಮುಂದಿನ ತಿಂಗಳು ವಕೀಲರು ಅದನ್ನು ಶೆಡ್ಡಿನ ಮುಂದೆ ಬಿಸಿಲಿಗೆ ನಿಲ್ಲಿಸಿ, ಕೆಳಗಿಳಿಯದೆ, ಹಲಗೇರಿಗೂ ಕೇಳುವಂಥ ದನಿಯಲ್ಲಿ “ನೋಡ್ಕೋ” ಎಂದು ಹೋದರಂತೆ. ಅವರ ಹಿಂದೆ ಕೋರ್ಟಿನ ಇನ್ನೆರಡು ಗಾಡಿ ಬಂದವು. ನಾನು ಕ್ಷಮೆ ಕೇಳಲು ಹೋದಾಗ ರಾಜೇಸಾಬ ನಕ್ಕ. “ನಿಮ್ಮ ಚಪ್ಪಲಿ ಸುಳ್ಳ ಹೇಳದಿದ್ರ ನನ್ನ ಕೈ ಮಾತು ನಾ ನಂಬತಿದ್ದಿಲ್ರಿ ಅಕ್ಕೋರ.”

ಆಮೇಲೆ ಒಂದು ಬೋರ್ಡು ಬರೆಸಬೇಕು, ಮಾತು ನೀವು ಹೇಳಿ ಎಂದ. ನಾನು ‘ಮಾಲೀಕರಿಗೆ ಶ್ರವಣದೋಷವಿದೆ, ದಯವಿಟ್ಟು ಸಹಕರಿಸಿ’ ಎಂದು ಬರೆದುಕೊಟ್ಟೆ. ಅವನು ಅದನ್ನು ಓದಿಸಿಕೊಂ‍ಡು, “ಇದನ್ನ ಓದಿ ಮುಗಸೂದ್ರಾಗ ಗಿರಾಕಿ ದಾವಣಗೇರಿ ಮುಟ್ಟಿರತಾನ್ರಿ” ಎಂದ. ಕೊನೆಗೆ ತನಗೆ ಬೇಕಾದ್ದನ್ನೇ ಬರೆಸಿದ: ‘ಕಿವಿ ಕೇಳಂಗಿಲ್ಲ. ಕೈ ಕೇಳತೈತಿ. ಜೋರಾಗಿ ಮಾತಾಡ್ರಿ.’ ಕೈ ಕೇಳುವುದಿಲ್ಲ, ಕೇಳು ಎಂಬ ಕ್ರಿಯಾಪದಕ್ಕೆ ಕೈ ಕರ್ತೃ ಆಗದು ಎಂದು ನಾನು ಆಕ್ಷೇಪಿಸಿದೆ. “ನಿಮ್ಮ ವ್ಯಾಕರಣ ನಿಮ್ಮ ಸಾಲ್ಯಾಗ ಇರಲಿ” ಎಂದ. ಆ ಬೋರ್ಡು ಹಲಗೇರಿ ರಸ್ತೆಯಲ್ಲಿ ಬಹಳ ವರ್ಷ ಇತ್ತು. ನಮಗೆ ಹಾವೇರಿಗೆ ವರ್ಗವಾದ ಮೇಲೂ ಆ ದಾರಿಯಲ್ಲಿ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ನೋಡಿದಾಗಲೆಲ್ಲ ವ್ಯಾಕರಣದ ತಪ್ಪು ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಬರೆಸಲು ಆ ಮನುಷ್ಯನಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ಮಾತ್ರ ನನಗೆ ಆಗ ಹೊಳೆಯಲಿಲ್ಲ. ಓರೆ ತಲೆಯಲ್ಲಿ, ಗುಳುಗುಳು ಕಿವಿಯಲ್ಲಿ, ಈ ಬೆಂಚಿನ ಮೇಲೆ ಹೊಳೆಯಿತು.

ಒಳಗೆ ಕರೆದರು. ಡಾಕ್ಟರು ಬೆಚ್ಚಗಿನ ನೀರು ಬಿಟ್ಟು ಹಳೇ ವ್ಯಾಕ್ಸ್ ತೆಗೆದು ಒಂದು ಬಟ್ಟಲಲ್ಲಿ ತೋರಿಸಿದರು. ಮೆಣಸಿನಕಾಯಿಯ ಘಾಟು ಇರಲಿಲ್ಲ, ಅಷ್ಟೇ ಸಮಾಧಾನ. ಆಮೇಲೆ ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಕಿವಿಗೆ ಯಂತ್ರ ಇಟ್ಟು, ಸದ್ದು ಕೇಳಿಸಿದಾಗ ಒತ್ತಲು ಗುಂಡಿ ಕೊಟ್ಟರು. ನಾನು ಅಂದುಕೊಂಡ ಹಾಗೆಯೇ ಗಾಜಿನಾಚೆ ಪರೀಕ್ಷೆ ಮಾಡುವವರ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಎದ್ದು ಕುರ್ಚಿಯನ್ನು ತಿರುಗಿಸಿ, ಗಾಜಿಗೆ ಬೆನ್ನು ಮಾಡಿ ಕುಳಿತೆ. ದೊಡ್ಡ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ, ಒತ್ತಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂಡುವುದು ನನಗೆ ಕಷ್ಟವಾಯಿತು.

ಮುಗಿದ ಮೇಲೆ ಡಾಕ್ಟರು ಹತ್ತಿರ ಬಂದು ದೊಡ್ಡದಾಗಿ ಹೇಳಿದರು. ದಪ್ಪ ಸದ್ದು ಪರವಾಗಿಲ್ಲ, ಸಣ್ಣ ಚೂಪು ಸದ್ದುಗಳು ಎರಡೂ ಕಿವಿಗೆ ಹೋಗಿಬಿಟ್ಟಿವೆ, ಮಷೀನು ಹಾಕಿಕೊಳ್ಳಬೇಕು. ಯಾವಾಗ ಬರಲಿ ಎಂದು ಕೇಳಿ ದಿನ ಗುರುತು ಹಾಕಿಸಿಕೊಂಡೆ. ನಮ್ಮ ಮನೆಯವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು.

ಹೊರಗೆ ಬಂದು ಚಪ್ಪಲಿ ಮೆಟ್ಟಿ ಹೊರಟೆ. ಎಂಟ್ಹತ್ತು ಹೆಜ್ಜೆ ಹೋದ ಮೇಲೆ ಹಿಂದಿನಿಂದ ನಮ್ಮ ಮನೆಯವರು ಏನೋ ಅಂದರು. ನನ್ನ ಬಾಯಿಗೆ “ಹೂಂ” ಬಂದಿತ್ತು. ನುಂಗಿಕೊಂಡೆ. ನಿಂತು ತಿರುಗಿ, ಬೆಂಚಿನ ಮೇಲೆ ಸಾಲಾಗಿ ಕುಳಿತ ಜನರ ಮುಂದೆ, “ನನಗ ಕೇಳ್ಸಲಿಲ್ಲ. ಇನ್ನೊಮ್ಮೆ ಹೇಳ್ರಿ” ಎಂದೆ. ಮದುವೆಯಾದ ಮೇಲೆ ಈ ಮಾತನ್ನು ಅವರು ನನ್ನ ಬಾಯಿಂದ ಕೇಳಿದ್ದು ಅದೇ ಮೊದಲಿರಬೇಕು. ಅವರು ದನಿ ಎತ್ತರಿಸಿದರು.

“ನೀ ಮೆಟ್ಟಿಕೊಂಡಿದ್ದು ನಿನ್ನ ಚಪ್ಪಲಿ ಅಲ್ಲ ಅಂದೆ. ಹೆಜ್ಜಿಗೊಮ್ಮೆ ಚುಂಯ್ ಚುಂಯ್ ಅನ್ನಾಕತ್ತಾವ, ಕೇಳಂಗಿಲ್ಲೇನು?”

ಬೆಂಚಿನ ತುದಿಯಲ್ಲಿ ಒಬ್ಬಾಕೆ ಬರಿಗಾಲಲ್ಲಿ ಎದ್ದು ನಿಂತು ನನ್ನ ಪಾದಗಳನ್ನೇ ನೋಡುತ್ತಿದ್ದಳು.

“ಇಲ್ರಿ, ಕೇಳಂಗಿಲ್ಲ” ಎಂದೆ, ಎಲ್ಲರಿಗೂ ಕೇಳುವಂತೆ. ಆ ಚಪ್ಪಲಿಗಳನ್ನು ಅಲ್ಲಿಯೇ ಕಳಚಿ, ಆಕೆಯ ಮುಂದೆ ಜೋಡಿಸಿಟ್ಟು, ನನ್ನವನ್ನು ಹುಡುಕಲು ಬರಿಗಾಲಲ್ಲಿ ಬಾಗಿಲ ಕಡೆ ನಡೆದೆ.